ಪದ ಬೇಕು: ಬ್ಯಾಪ್ಟಿಸ್ಟ್ ಅಸೋಸಿಯೇಷನ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಸ್ವಲ್ಪ ಅರ್ಜೆಂಟು. ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ. ಭಾನುವಾರ ನಾವು ಕೆಲವು ಕನ್ನಡದ ಮನೆಯವರು ರ‍್ಯಾಂಡಾಲ್ಫ್ ಕೌಂಟಿ ಕಡೆ ಹೋಗುತ್ತಿದ್ದೇವೆ. ಊರಿಂದ ಬಂದಿರುವ ಅಪ್ಪ ಅಮ್ಮಂದಿರೇ ಜಾಸ್ತಿ. ದಾರಿ ಬದಿಯ ಇತಿಹಾಸದ ಬೋರ್ಡುಗಳ (ಇಲ್ಲಿಯವರು ಮಾರ್ಕರ್ ಅನ್ನುತ್ತಾರೆ) ಬಗ್ಗೆ ಅವರಿಗೊಂದು ಹಾಳೆ ಬರೆದುಕೊಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಇವು ಇಲ್ಲಿ ಎಲ್ಲ ಕಡೆ ಸಿಗುತ್ತವೆ, ಕಂಬದ ಮೇಲೆ ಬೆಳ್ಳಿ ಬಣ್ಣದ ತಗಡು, ಕಪ್ಪು ಅಕ್ಷರ.

ಬರೆಯುತ್ತಾ ಸಿಕ್ಕಿಕೊಂಡಿರುವುದು ಸ್ಯಾಂಡಿ ಕ್ರೀಕ್ ಎಂಬ ಜಾಗದ ಬೋರ್ಡಿನ ಹತ್ತಿರ. 1755ರಲ್ಲಿ ಶೂಬಲ್ ಸ್ಟರ್ನ್ಸ್ ಎಂಬ ಬೋಧಕ ಬಂದು, 16 ಜನ ಸೇರಿ ಒಂದು ಬ್ಯಾಪ್ಟಿಸ್ಟ್ ಚರ್ಚು ಶುರು ಮಾಡಿದರು. ಬ್ಯಾಪ್ಟಿಸ್ಟರು ಅಂದರೆ ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷೆ ಕೊಡುವ ಕ್ರೈಸ್ತ ಪಂಗಡದವರು. ಆ ಚರ್ಚು 606 ಜನಕ್ಕೆ ಬೆಳೆಯಿತು. 1771ರಲ್ಲಿ ಗವರ್ನರನ ಸೇನೆಗೂ ದಂಗೆಯೆದ್ದ ರೈತರಿಗೂ ನಡೆದ ಅಲಮಾನ್ಸ್ ಕಾಳಗದ ನಂತರ ಜನ ಊರು ಬಿಟ್ಟು ಹೋಗಿ 14ಕ್ಕೆ ಇಳಿಯಿತು. ಇಷ್ಟು ಬರೆದಾಯಿತು. ನಡುವೆ 1758ರಲ್ಲಿ ಸುತ್ತಲ ಚರ್ಚುಗಳು ಸೇರಿ 'ಅಸೋಸಿಯೇಷನ್' ಮಾಡಿಕೊಂಡವಲ್ಲ, ಅದಕ್ಕೆ ಪದ ಬೇಕು. 'ಬ್ಯಾಪ್ಟಿಸ್ಟ್ ಸಂಘ' ಅಂತ ಹಾಕಿದ್ದೆ. ನನ್ನ ಹೆಂಡತಿ ಓದಿ, ಪತ್ತಿನ ಸಂಘ ಇದ್ದ ಹಾಗಿದೆ ಅಂದಳು. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು.

——

ಸಂಘ ಸಂಸ್ಕೃತ. ಬ್ಯಾಪ್ಟಿಸ್ಟ್ ಇಂಗ್ಲಿಶ್. ನಿಮ್ಮ ಎರಡು ಪದದಲ್ಲಿ ಕನ್ನಡ ಎಲ್ಲಿದೆ? ಗ್ರೀಕಿನ ಬಾಪ್ಟಿಜೋ ಅಂದರೆ ಮುಳುಗಿಸು, ಅದ್ದು. 'ಮುಳುಕರ ಕೂಟ' ಅನ್ನಿ, ಮುಗಿಯಿತು.

——

ಸಾರ್, ಮುಳುಕರ ಕೂಟ ಅಂದರೆ ಸಾಲ ಮಾಡಿ ಮುಳುಗಿದವರು ಅಂತಾಗುತ್ತದೆ. ಅದರ ಪಕ್ಕದಲ್ಲೇ 606 ಹೋಗಿ 14 ಆಯಿತು ಅಂತ ಬೇರೆ ಬರೆದಿದ್ದಾರೆ!

ಈ ಜಗಳ ಹೊಸದೂ ಅಲ್ಲ. ಬಂಗಾಳಿ, ಬರ್ಮೀಸ್ ಬೈಬಲುಗಳಲ್ಲಿ ಬ್ಯಾಪ್ಟಿಸ್ಟ್ ಮಿಷನರಿಗಳು ಆ ಗ್ರೀಕ್ ಪದಕ್ಕೆ 'ಮುಳುಗಿಸು' ಅಂತಲೇ ಹಾಕಿದರು. ಬೈಬಲ್ ಅಚ್ಚಿಗೆ ದುಡ್ಡು ಕೊಡುತ್ತಿದ್ದ ಬೈಬಲ್ ಸೊಸೈಟಿಗಳು ಇದಕ್ಕೆ ಕೊಡುವುದಿಲ್ಲ ಅಂದವು. ಅಮೆರಿಕದ ಬ್ಯಾಪ್ಟಿಸ್ಟರು 1836ರಲ್ಲಿ ತಮ್ಮದೇ ಸೊಸೈಟಿ ಕಟ್ಟಿಕೊಂಡರು. ಒಂದು ಕ್ರಿಯಾಪದಕ್ಕೆ ಇಷ್ಟೆಲ್ಲ ನಡೆದಿದೆ. ಕನ್ನಡ ಬೈಬಲಿನಲ್ಲಿ ಬ್ಯಾಪ್ಟಿಸಮ್ಮಿಗೆ ದೀಕ್ಷಾಸ್ನಾನ ಇದೆ, ಜಾನ್ ದ ಬ್ಯಾಪ್ಟಿಸ್ಟ್ ಅಲ್ಲಿ 'ಸ್ನಾನಿಕನಾದ ಯೋಹಾನ'. ಆದರೆ ಪಂಗಡಕ್ಕೆ ಸ್ನಾನಿಕರು ಅನ್ನಲು ಹೋಗಬೇಡಿ, ಅದು ಅವರ ಹೆಸರು, ಬ್ಯಾಪ್ಟಿಸ್ಟ್ ಅಂತಲೇ ಇರಲಿ.

ಅಸೋಸಿಯೇಷನ್‌ಗೆ 'ಒಕ್ಕೂಟ' ಹಾಕಿ. ಹಳ್ಳಿಯಲ್ಲಿ ಹಾಲಿನ ಸಂಘ, ಜಿಲ್ಲೆಗೆ ಒಕ್ಕೂಟ, ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ. ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ) ಮಾತ್ರ ಬೇಡ, ಅದು ಕ್ಯಾಥೊಲಿಕ್ಕರದು, ಬಿಷಪ್ ಬಂದು ಕೂತ ಹಾಗಾಗುತ್ತದೆ. ಬ್ಯಾಪ್ಟಿಸ್ಟರಲ್ಲಿ ಒಂದೊಂದು ಸಭೆಯೂ ಸ್ವತಂತ್ರ. ಮತ್ತೆ 'ಚರ್ಚುಗಳ' ಬದಲು 'ಸಭೆಗಳ' ಅನ್ನಿ. ಒಕ್ಕೂಟ ಮಾಡಿಕೊಂಡದ್ದು ಜನ, ಕಟ್ಟಡಗಳಲ್ಲ.

——

ಧರ್ಮವನ್ನು ಹಾಲಿನ ಲೀಟರಿನಲ್ಲಿ ಅಳೆಯುವುದು ನಿಮಗೇ ಚೆಂದ. ಒಕ್ಕೂಟದಲ್ಲಿ ಇರುವುದು ನಾನು ಹೇಳಿದ 'ಕೂಟ'ವೇ, ಗಮನಿಸಿ. 'ಸಭೆ'ಯೂ ಸಂಸ್ಕೃತ. ಎರವಲು ತಂದು ತಂದು ಕೊನೆಗೆ ನಮ್ಮ ಮನೆಯಲ್ಲಿ ನಮ್ಮ ಪಾತ್ರೆ ಒಂದೂ ಉಳಿಯುವುದಿಲ್ಲ.

——

ನಾನು ಮಂಗಳೂರಿನವಳು. ನಮ್ಮಲ್ಲಿ ಚರ್ಚಿಗೆ ಇಗರ್ಜಿ ಅನ್ನುತ್ತೇವೆ, ಪೋರ್ಚುಗೀಸಿನದು. ನೀವು ಬಳಸುವ ಪಾದ್ರಿಯೂ ಅಲ್ಲಿಯದೇ. ಇವನ್ನೂ ಹೊರಗೆ ಹಾಕುತ್ತೀರಾ? ಸುಮ್ನೆ ಪಾಪ, ಅವರು ಒಂದು ಪದ ಕೇಳಿದ್ದು.

——

ಎಲ್ಲರಿಗೂ ಥ್ಯಾಂಕ್ಸ್. 'ಸ್ಯಾಂಡಿ ಕ್ರೀಕ್ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟ, 1758' ಅಂತ ಹಾಕಿದೆ. ಅಮ್ಮನಿಗೆ ಓದಿ ಹೇಳಿದರೆ, ಸರಿ, ಅಧ್ಯಕ್ಷರು ಯಾರು ಅಂತ ಕೇಳಿದರು. ಅಂದರೆ ಅರ್ಥವಾಗಿದೆ. ಮಾರ್ಕರ್‌ಗೆ 'ಬೋರ್ಡು' ಅಂತಲೇ ಬಿಟ್ಟಿದ್ದೇನೆ, ಅದರ ಮೇಲೆ ಚರ್ಚೆ ಬೇಡ ದಯವಿಟ್ಟು.

——

ಬೋರ್ಡು? ಹಲಗೆ ಏನಾಯಿತು?

——

ಅದು ತಗಡು, ಸ್ವಾಮಿ.