ಅಪ್‌ಡೇಟ್: ಬೈಕ್ ಚೈನ್ ನಾನೇ ಸರಿ ಮಾಡಿದೆ

ಹೋದ ವಾರ ಕೇಳಿದ್ದೆನಲ್ಲ, ಚೈನ್ ಕಟಕಟ ಅನ್ನುತ್ತಿದೆ, ಗ್ಯಾರೇಜಿನವರು ಚೈನ್, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಪೂರ್ತಿ ಬದಲಿಸಲು 2,300 ರೂಪಾಯಿ ಕೇಳುತ್ತಿದ್ದಾರೆ, ಕೊಡಲಾ ಅಂತ. ಕೊಡಲಿಲ್ಲ.

ನೀವು ಹೇಳಿದ ಹಾಗೆ ಸ್ಪ್ರಾಕೆಟ್ ಹಲ್ಲು ನೋಡಿದೆ. ಚೂಪಾಗಿಲ್ಲ, ಕೊಕ್ಕೆಯಂತೆ ಬಾಗಿಯೂ ಇಲ್ಲ, ಅಂದರೆ ಸವೆದಿಲ್ಲ. ಚೈನ್ ಮಾತ್ರ ಒಣಗಿ ಜೋತುಬಿದ್ದಿತ್ತು. ಸೀಮೆಎಣ್ಣೆ, ಹಳೇ ಟೂತ್‌ಬ್ರಶ್ ಹಿಡಿದು ಕೂತೆ. ಆ ಕಪ್ಪು ಇನ್ನೂ ಉಗುರಿನಿಂದ ಹೋಗಿಲ್ಲ! ಆಮೇಲೆ ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ನಟ್ ಸಡಿಲಿಸಿ, ಚೈನ್ ಬಿಗಿ ಮಾಡುವ ಅಡ್ಜಸ್ಟರ್ ತಿರುಗಿಸಿದೆ. ಮೊದಲ ಸಲ ಒಂದು ಕಡೆ ಒಂದು ಗೀಟು ಜಾಸ್ತಿ ಆಗಿ ಚಕ್ರ ಸೊಟ್ಟ ಕೂತಿತ್ತು. ಮತ್ತೆ ಬಿಚ್ಚಿ, ಎರಡೂ ಕಡೆ ಗುರುತು ಸಮ ಮಾಡಿದೆ.

ಸ್ಪ್ಯಾನರ್, ಚೈನಿಗೆ ಹಾಕಿದ 90 ನಂಬರ್ ಗೇರ್ ಆಯಿಲ್ ಸೇರಿ 640 ರೂಪಾಯಿ. ಸದ್ದು ನಿಂತಿದೆ. ಬ್ರೇಕ್ ಶೂ ಮಾತ್ರ ಗ್ಯಾರೇಜಿಗೇ ಕೊಡುತ್ತೇನೆ, ಅದರಲ್ಲಿ ಸುಮ್ನೆ ಧೈರ್ಯ ತೋರಿಸೋದು ಬೇಡ ಅಲ್ವಾ?