ಸಹಾಯ ಬೇಕು: ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ, ಹೆಲಿಕಾಪ್ಟರ್ ಮತ್ತು ವಿಮೆ

ನಮಸ್ಕಾರ. ನಾನು ವಿಜಯಪುರದವನು, ಗೋಳಗುಮ್ಮಟದ ಮೆಟ್ಟಿಲು ಬಿಟ್ಟರೆ ಬೇರೆ ಎತ್ತರ ಹತ್ತಿದವನಲ್ಲ. ಅಕ್ಟೋಬರ್‌ನಲ್ಲಿ ಅಣ್ಣನೊಂದಿಗೆ, ಮಾರ್ಗದರ್ಶಿಯ ಜೊತೆ 5,364 ಮೀಟರ್ ಎತ್ತರದ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಡುವವನಿದ್ದೇನೆ. ಅಣ್ಣನಿಗೆ ಮೊಣಕಾಲು ನೋವು. ಹತ್ತುತ್ತಾನೆ, ಇಳಿಯುವುದೇ ಕಷ್ಟ. ಅದಕ್ಕೇ ಬೇಸ್ ಕ್ಯಾಂಪ್‌ಗೆ ಮುಂಚಿನ ಕೊನೆಯ ತಂಗುದಾಣವಾದ ಗೋರಕ್‌ಶೆಪ್‌ನಿಂದ ಚಾರಣ ಶುರುವಾಗುವ ಲುಕ್ಲಾಕ್ಕೆ ಹೆಲಿಕಾಪ್ಟರ್ ಸೀಟು ಕಾಯ್ದಿರಿಸಿದ್ದೇವೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಒಮ್ಮೆಗೆ ಕೆಲವರನ್ನಷ್ಟೇ ಕೆಳಗಿನ ಫೆರಿಚೆ ಊರಿನವರೆಗೆ ಇಳಿಸಿ ಮತ್ತೆ ಬರುತ್ತಾರಂತೆ. ಅದು ಅರ್ಥವಾಯಿತು.

ತಲೆ ಕೆಡಿಸಿರುವುದು ವಿಮೆ. ಇಬ್ಬರು ಏಜೆಂಟರನ್ನು ಕೇಳಿದೆ, ಪಾಲಿಸಿಯನ್ನು ಎರಡು ಸಲ ಓದಿದೆ. ಒಬ್ಬರು ಹೆಲಿಕಾಪ್ಟರ್ ಖರ್ಚು ಸಿಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ವೈದ್ಯರು ಬರೆದುಕೊಟ್ಟರೆ ಮಾತ್ರ ಎನ್ನುತ್ತಾರೆ. ಪಾಲಿಸಿಯಲ್ಲಿ ಎತ್ತರದ ಮಿತಿ 4,500 ಮೀಟರ್. ಗೋರಕ್‌ಶೆಪ್ ಇರುವುದೇ ಐದು ಸಾವಿರದ ಮೇಲೆ!

ಹೋಗಿಬಂದವರು ದಯವಿಟ್ಟು ತಿಳಿಸಿ: ನಡುದಾರಿಯಲ್ಲೇ ಅಣ್ಣನಿಗೆ ಎತ್ತರದ ಕಾಯಿಲೆ ಬಂದು ತುರ್ತು ಹೆಲಿಕಾಪ್ಟರ್ ಕರೆಸಿದರೆ, ಮೊದಲೇ ಕಾಯ್ದಿರಿಸಿದ ಸೀಟಿನ ಹಣವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆಯೇ, ಇಲ್ಲ ಎರಡನ್ನೂ ನಾವೇ ಕಟ್ಟಬೇಕೇ?