ಅಪ್ಪಯ್ಯನ ಜೊತೆ 71ರ ಪಾಕ್ ಯುದ್ಧದಲ್ಲಿದ್ದ ಗೆಳೆಯನ ಮನೆಯವರನ್ನ ಹುಡುಕೋದು ಹೇಗೆ?

ಹೊಸನಗರದವ:
ಅಪ್ಪಯ್ಯ ಹೋಗಿ ವರ್ಷ ಆಯ್ತು. ಮೊನ್ನೆ ಅಟ್ಟ ಗುಡಿಸೋವಾಗ ಅವರ ಮಿಲಿಟರಿ ಟ್ರಂಕ್ ಇಳಿಸಿದ್ವಿ, ಒಳಗೆ ಒಂದು ಕಂಬಳಿ, ಮೂರು ಮೆಡಲ್, ರಿಬ್ಬನ್ ಎಲ್ಲ ಬೂಷ್ಟು ಹಿಡಿದಿದೆ. ಮದ್ರಾಸ್ ಸ್ಯಾಪರ್ಸಲ್ಲಿದ್ರು, ಅಂದ್ರೆ ಸೈನ್ಯದ ಎಂಜಿನಿಯರ್ ಪಡೆ; ಪಾಕಿಸ್ತಾನದ ಶಕರ್‌ಗಢ ಕಡೆ ಮೈನ್ (ನೆಲದಲ್ಲಿ ಹೂತಿಟ್ಟ ಬಾಂಬ್) ತೆಗೆಯೋ ಕೆಲಸ, ಅಷ್ಟೇ ನಂಗೆ ಗೊತ್ತು. ಜಾಸ್ತಿ ಕೇಳಿದ್ರೆ "ಬಸಂತರ್ ಅಂದ್ರೆ ಒಂದು ಹೊಳೆ ಮಾರಾಯ" ಅಂದು ಎದ್ದು ಕೊಟ್ಟಿಗೆಗೆ ಹೋಗ್ತಿದ್ರು. ತೋಟದಲ್ಲೂ ಕಾಲುದಾರಿ ಬಿಟ್ಟು ಕಾಲಿಡ್ತಿರಲಿಲ್ಲ, ನಾವು ಇಂಬಳಕ್ಕೆ (ಜಿಗಣೆಗೆ) ಹೆದರ್ತಾರೆ ಅಂತ ನಗ್ತಿದ್ವಿ. ಡಿಸೆಂಬರ್ 16ಕ್ಕೆ ಸನ್ಮಾನಕ್ಕೆ ಕರೆದ್ರೂ ಹೋಗ್ತಿರಲಿಲ್ಲ, ಅವತ್ತು ರಾತ್ರಿ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸ್ತಿದ್ರು. ಕೊನೆ ವಾರ ಆಸ್ಪತ್ರೇಲಿ ಯಾರೋ ತಮಿಳರ ಹೆಸರು ಹಿಡಿದು ಕರೀತಿದ್ರು. ಅವರ ಮನೆಯವರು ಸಿಗ್ತಾರಾ?

ತೀರ್ಥಹಳ್ಳಿ ಮಾಜಿ ಸೈನಿಕ:
ಇಂಬಳ ಅಲ್ಲ ತಮ್ಮಾ. ಟ್ಯಾಂಕಿಗೆ ದಾರಿ ಆಗಬೇಕು ಅಂದ್ರೆ ಸ್ಯಾಪರೇ ಮೊದಲು ಹೋಗಬೇಕು, ಕತ್ತಲಲ್ಲಿ ನೆಲಕ್ಕೆ ಮಲಗಿ ಚುಚ್ಚಿ ಚುಚ್ಚಿ ಹುಡುಕಬೇಕು, ದಾರಿ ಆದಮೇಲೆ ಅದರಾಚೆ ಯಾರೂ ಕಾಲಿಡೋ ಹಾಗಿಲ್ಲ. ಬಸಂತರಲ್ಲಿ ಡಿಸೆಂಬರ್ 15ರ ರಾತ್ರಿ ಮೈನ್ ಪೂರ್ತಿ ತೆಗೆಯೋ ಮುಂಚೇನೇ ನಮ್ಮ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದ್ವು, ಅದೇ ರೆಜಿಮೆಂಟಿನ ಪರಮವೀರ ಚಕ್ರದ ಅರುಣ್ ಖೇತ್ರಪಾಲ್ ತೀರಿಕೊಂಡಿದ್ದು 16ಕ್ಕೆ ಅಲ್ಲೇ. ಢಾಕಾದಲ್ಲಿ ಪಾಕ್ ಸೇನೆ ಶರಣಾಗಿದ್ದೂ ಅದೇ ದಿನ, ಆದ್ರೆ ಬಸಂತರಲ್ಲಿದ್ದೋರಿಗೆ ಆ ತಾರೀಕಿನ ಅರ್ಥವೇ ಬೇರೆ.
ಮೆಡಲ್ ಅಂಚು ಬಟ್ಟೇಲಿ ಒರೆಸಿ, ಬ್ರಾಸೋ ಪಾಲಿಶ್ ಹಾಕ್ಬೇಡಿ, ಅಕ್ಷರ ಸವೆದು ಹೋಗುತ್ತೆ. ನಂಬರ್, ಹೆಸರು ಕೆತ್ತಿರ್ತಾರೆ. ನಕ್ಷತ್ರದ ಥರ ಇರೋದು ಪಶ್ಚಿಮಿ ಸ್ಟಾರ್ ಇರಬೇಕು, 71ರಲ್ಲಿ ಪಶ್ಚಿಮ ಗಡಿ ಕಡೆ ಇದ್ದೋರಿಗೆ ಕೊಟ್ಟಿದ್ದು. ಆ ನಂಬರ್ ಹಾಕಿ ಬೆಂಗಳೂರು ಎಂಇಜಿ (ಮದ್ರಾಸ್ ಸ್ಯಾಪರ್ಸ್ ಕೇಂದ್ರ) ರೆಕಾರ್ಡ್ಸ್ ಆಫೀಸಿಗೆ ಬರೀರಿ. ಗೆಳೆಯರು ಯುದ್ಧದಲ್ಲೇ ಹೋಗಿದ್ರೆ ದೆಹಲಿ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಹೆಸರು ಇರುತ್ತೆ, ಅಲ್ಲೂ ಹುಡುಕಿ.

ಸಾಗರದ ಮಗಳು:
ನಮ್ಮಪ್ಪ 87ರಲ್ಲಿ ಭಾರತದ ಶಾಂತಿಪಾಲನಾ ಪಡೆ ಜೊತೆ ಶ್ರೀಲಂಕಾಕ್ಕೆ ಹೋಗಿ ಒಂದು ಕಿವಿ ಕಳ್ಕೊಂಡು ಬಂದ್ರು, ಊರಲ್ಲಿ ಅದೂ ಒಂದು ಯುದ್ಧನಾ ಅಂತ ಕೇಳೋರು. ಅವರು ನಮ್ಮ ಹತ್ರ ಬಾಯೇ ಬಿಡ್ತಿರಲಿಲ್ಲ, ಅಮ್ಮನ ಹತ್ರ ಮಾತ್ರ ಎಲ್ಲ ಹೇಳಿದ್ರು. ನೀವೂ ಅಮ್ಮನ್ನ ಕೇಳಿ, ಆ ಎಲೆಗೆ ಬಡಿಸಿದೋರು ಅವರೇ ತಾನೇ?

ಹೊಸನಗರದವ:
ಅಕ್ಕಾ, ಕೇಳ್ದೆ. ಅಮ್ಮನಿಗೆ ಹೆಸರು, ಊರು ಎಲ್ಲ ಗೊತ್ತಿತ್ತು! ವೆಲ್ಲೂರು ಕಡೆಯವರಂತೆ. ಆ ಎಲೆಗೆ ಮಜ್ಜಿಗೆ ಬಡಿಸೋಕೆ ಹೋದ್ರೆ ಅಪ್ಪಯ್ಯ ಬೈತಿದ್ರಂತೆ, ಅವನಿಗೆ ಗಟ್ಟಿ ಮೊಸರೇ ಆಗಬೇಕು ಅಂತ. ನಾನು ಇಷ್ಟು ವರ್ಷ ಪಕ್ಕದಲ್ಲೇ ಕೂತು ಉಂಡಿದೀನಿ, ಒಂದ್ಸಲ ಕೇಳಿಲ್ಲ. ಅಂಚು ಒರೆಸಿದೆ ಅಣ್ಣಾ, ನಂಬರ್ ಓದೋಕೆ ಬರ್ತಿದೆ. ನಾಳೆನೇ ಕಾಗದ ಹಾಕ್ತೀನಿ.